ಸೇಫ್ಟಿ ಎಕ್ಸ್‌ಪೋ: ಹೋಗಿ, ಆದರೆ ಮೆಷಿನ್ ಮೇಲೆ ಕೆಲಸ ಮಾಡುವವರನ್ನೂ ಕರೆದುಕೊಂಡು ಹೋಗಿ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ನಲ್ಲಿ ನಡೆದ ಇಂಡಸ್ಟ್ರಿಯಲ್ ಸೇಫ್ಟಿ ಎಕ್ಸ್‌ಪೋ ಮತ್ತು ಕಾನ್ಫರೆನ್ಸ್‌ಗೆ ಹೋಗಿದ್ದೆ. ಪೀಣ್ಯದ ಕಡೆಯವರು, ತಗಡು ಒತ್ತುವ ಪ್ರೆಸ್ ಶಾಪ್, ಫ್ಯಾಬ್ರಿಕೇಶನ್ ನಡೆಸುವವರು ಹೋಗಬೇಕಾ ಬೇಡವಾ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಸ್ಟಾಲ್‌ಗಳಿಗೆ ಐದಕ್ಕೆ ನಾಲ್ಕು. ಕಾನ್ಫರೆನ್ಸ್‌ಗೆ ಎರಡೂವರೆ.

ಹೋಗಿ ಬರುವುದು ಈಗ ಸುಲಭ. 2024ರ ನವೆಂಬರ್‌ನಿಂದ ಮಾದಾವರದವರೆಗೆ ಮೆಟ್ರೋ ಇದೆ, ಹೈವೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಗೋಳಿಲ್ಲ. ಆನ್‌ಲೈನ್‌ನಲ್ಲಿ ಹೆಸರು ಕೊಟ್ಟರೆ ಎಕ್ಸ್‌ಪೋ ಫ್ರೀ, ಕಾನ್ಫರೆನ್ಸ್‌ಗೆ ಮಾತ್ರ ದುಡ್ಡು.

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಹೆಲ್ಮೆಟ್, ಶೂ, ಗ್ಲೌಸ್. ಸಾಲು ಸಾಲು ಅದೇ. ರೇಟ್ ಕೇಳುವ ಮೊದಲು ಐಎಸ್‌ಐ ಮಾರ್ಕ್ ನೋಡಿ. ಹೆಲ್ಮೆಟ್‌ಗೆ ಐಎಸ್ 2925, ಸೇಫ್ಟಿ ಶೂಗೆ ಐಎಸ್ 15298. ಹೆಲ್ಮೆಟ್ ತಿರುಗಿಸಿದರೆ ಒಳಗಡೆ ತಯಾರಾದ ತಿಂಗಳು, ವರ್ಷ ಇರುತ್ತದೆ, ಅದನ್ನೂ ನೋಡಿ. ಬಿಸಿಲಿಗೆ ಪ್ಲಾಸ್ಟಿಕ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಹಳೇ ಸ್ಟಾಕ್ ಯಾರಿಗೂ ಬೇಡ. ನನಗೆ ಬೇಜಾರಾಗಿದ್ದು ಹೆಂಗಸರ ಸೈಜ್ ವಿಷಯ. ಬೆಂಗಳೂರಿನ ಗಾರ್ಮೆಂಟ್ಸ್ ನಡೆಯುವುದೇ ಹೆಂಗಸರಿಂದ, ಅಸೆಂಬ್ಲಿ ಲೈನ್‌ಗಳಲ್ಲೂ ಈಗ ಅವರು ತುಂಬಾ ಇದ್ದಾರೆ. ಆದರೂ ನಾನು ಕೇಳಿದ ಹೆಚ್ಚಿನ ಸ್ಟಾಲ್‌ಗಳಲ್ಲಿ ಚಿಕ್ಕ ಸೈಜ್ ಶೂ ಅಂದರೆ "ಆರ್ಡರ್ ಕೊಟ್ಟರೆ ತರಿಸಿಕೊಡುತ್ತೇವೆ ಸರ್" ಅನ್ನುವ ಉತ್ತರವೇ ಸಿಕ್ಕಿತು. ಸಡಿಲ ಶೂ ಹಾಕಿಕೊಂಡು ಎಣ್ಣೆ ಚೆಲ್ಲಿದ ನೆಲದ ಮೇಲೆ ಹೇಗೆ ಓಡಾಡುವುದು? ಗ್ಲೌಸ್ ಕಥೆಯೂ ಅಷ್ಟೇ.

ನಿಜವಾಗಿ ನೋಡಬೇಕಾದದ್ದು ಇರುವುದು ಹಿಂದಿನ ಸಾಲಿನಲ್ಲಿ. ಮೆಷಿನ್ ಗಾರ್ಡ್, ರಿಪೇರಿ ಮಾಡುವಾಗ ಯಾರೂ ಮೆಷಿನ್ ಆನ್ ಮಾಡದ ಹಾಗೆ ಸ್ವಿಚ್‌ಗೆ ಹಾಕುವ ಲಾಕ್‌ಔಟ್ ಬೀಗಗಳು, ಹೊಗೆ ಎಳೆಯುವ ಎಕ್ಸ್‌ಟ್ರಾಕ್ಷನ್, ಇವೆಲ್ಲ ಅಲ್ಲಿದ್ದವು. ಅಪಾಯವನ್ನು ಹುಟ್ಟುವ ಜಾಗದಲ್ಲೇ ನಿಲ್ಲಿಸುವ ಸಾಮಾನು ಇವು. ಮೈಮೇಲೆ ಹಾಕಿಕೊಳ್ಳುವುದು ಕೊನೆಯ ದಾರಿ ಅಂತ ಸೇಫ್ಟಿ ಕೋರ್ಸ್‌ನ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ, ಎಕ್ಸ್‌ಪೋದಲ್ಲಿ ಮಾತ್ರ ಅದಕ್ಕೇ ಮುಂದಿನ ಜಾಗ.

ಒಂದು ಸ್ಟಾಲ್‌ನಲ್ಲಿ ಸಣ್ಣ ಪವರ್ ಪ್ರೆಸ್ ತಂದು ಲೈಟ್ ಕರ್ಟನ್ ಹಾಕಿ ಓಡಿಸುತ್ತಿದ್ದರು. ಎರಡು ಕಂಬ, ಮಧ್ಯೆ ಕಣ್ಣಿಗೆ ಕಾಣದ ಕಿರಣಗಳು. ಮರದ ಕೋಲು ಅಡ್ಡ ಬಂದ ಕೂಡಲೇ, ಮೇಲಿಂದ ಇಳಿದು ತಗಡು ಒತ್ತುವ ರ‍್ಯಾಮ್ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಎಲ್ಲರೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಅಲ್ಲಿದ್ದ ವಯಸ್ಸಾದ ಟೆಕ್ನಿಷಿಯನ್ ಒಬ್ಬರು ನನ್ನನ್ನು ಮೊದಲು ಕೇಳಿದ್ದೇ, "ನಿಮ್ಮ ಪ್ರೆಸ್ ಯಾವ ಕ್ಲಚ್ ಸರ್?" ಕ್ಲಚ್ ಅಂದರೆ ಓಡುತ್ತಿರುವ ಚಕ್ರಕ್ಕೆ ಪ್ರೆಸ್ಸನ್ನು ಜೋಡಿಸುವ ಭಾಗ. ಪಿನ್ ಕ್ಲಚ್ ಅಂದೆ. "ಹಾಗಾದರೆ ಇದು ತಗೋಬೇಡಿ" ಅಂದರು. ಪಿನ್ ಕ್ಲಚ್ ಒಮ್ಮೆ ಹಿಡಿದರೆ ಸುತ್ತು ಮುಗಿಯುವ ತನಕ ಬಿಡುವುದಿಲ್ಲ, ಕರ್ಟನ್ ಕೂಗಿಕೊಂಡರೂ ರ‍್ಯಾಮ್ ಕೆಳಗೆ ಬಂದೇ ಬರುತ್ತದೆ. ಅಂಥ ಪ್ರೆಸ್‌ಗೆ ಬೆರಳು ಒಳಗೆ ಹೋಗದ ಹಾಗೆ ಫಿಕ್ಸೆಡ್ ಗಾರ್ಡ್ ಹಾಕಿಸಿ, ಆಗದಿದ್ದರೆ ಪ್ರೆಸ್‌ಗೆ ಅರ್ಧದಲ್ಲೇ ಬಿಡಿಸಿ ನಿಲ್ಲಿಸಬಹುದಾದ ಏರ್ ಕ್ಲಚ್ ಮತ್ತು ಬ್ರೇಕ್ ಹಾಕಿಸಿ ಆಮೇಲೆ ಕರ್ಟನ್ ಬಗ್ಗೆ ಯೋಚಿಸಿ ಅಂದರು. ಕರ್ಟನ್‌ಗೂ ಡೈಗೂ (ತಗಡು ಒತ್ತುವ ಅಚ್ಚಿಗೂ) ಎಷ್ಟು ದೂರ ಇರಬೇಕು ಅಂತಲೂ ಲೆಕ್ಕ ಇದೆಯಂತೆ. ಹತ್ತಿರ ಕೂರಿಸುವ ಕರ್ಟನ್‌ಗೆ ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬರುತ್ತದೆ ಅಂತ ಹಿಡಿಯಬೇಕು, ಪ್ರೆಸ್ ನಿಲ್ಲಲು ಕಾಲು ಸೆಕೆಂಡ್ ತಗೊಂಡರೆ ಅಷ್ಟರಲ್ಲಿ ಕೈ ಅರ್ಧ ಮೀಟರ್ ಒಳಗೆ ಹೋಗಿರುತ್ತದೆ. ಮಾರಲು ಕೂತವರು ತಮ್ಮ ಸಾಮಾನನ್ನೇ ಬೇಡ ಅನ್ನುವುದು ಎಷ್ಟು ಅಪರೂಪ ಅಲ್ವಾ? ಪೀಣ್ಯದಲ್ಲಿ ಬೆರಳು ಕಳೆದುಕೊಂಡ ಆಪರೇಟರ್‌ಗಳನ್ನು ಕಂಡವರಿಗೆ ಆ ಒಂದು ಪ್ರಶ್ನೆಯ ಬೆಲೆ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಎಕ್ಸ್‌ಪೋದಲ್ಲಿ ಬೆಸ್ಟ್ ಸ್ಟಾಲ್ ಅದೇ.

ಎತ್ತರದ ಕೆಲಸದ ಸ್ಟಾಲ್ ಕೂಡ ಚೆನ್ನಾಗಿತ್ತು. ಬೆಲ್ಟ್ ಕಟ್ಟಿದ ಡಮ್ಮಿಯನ್ನು ಮೇಲಿಂದ ಬೀಳಿಸಿ ತೋರಿಸುತ್ತಿದ್ದರು. ಸುಮ್ನೆ ತಮಾಷೆಗಲ್ಲ, ಲೆಕ್ಕ ಹಾಕಿ ತೋರಿಸಿದರು. ಹಗ್ಗ 2 ಮೀಟರ್, ಬಿದ್ದಾಗಿನ ಎಳೆತ ತಗ್ಗಿಸಲು ಹಗ್ಗದಲ್ಲಿ ಮಡಚಿ ಹೊಲಿದ ಪಟ್ಟಿ ಬಿಚ್ಚಿಕೊಂಡರೆ ಮತ್ತೆ 1.75 ಮೀಟರ್ ತನಕ, ಬೆಲ್ಟ್‌ನ ಬೆನ್ನಿನ ರಿಂಗ್‌ನಿಂದ ಪಾದದವರೆಗೆ ಒಂದೂವರೆ, ಇವುಗಳ ಜೊತೆಗೆ ಇನ್ನೂ 1 ಮೀಟರ್ ಬಿಡುವು. ಹುಕ್ ಹಾಕಿದ ಜಾಗದ ಕೆಳಗೆ 6 ಮೀಟರ್‌ಗೂ ಜಾಸ್ತಿ ಖಾಲಿ ಇರಬೇಕು. ಅಂದರೆ ಮೊದಲನೇ ಮಹಡಿಯಲ್ಲಿ ಈ ಉದ್ದ ಹಗ್ಗ ಕಾಲ ಹತ್ತಿರ ಸಿಕ್ಕಿಸಿಕೊಂಡವನು ಬೆಲ್ಟ್ ಇದ್ದೂ ನೆಲಕ್ಕೆ ಬಡಿಯುತ್ತಾನೆ. ಅಲ್ಲಿಗೆ ಹಗ್ಗವನ್ನು ತಾನಾಗಿ ಸುತ್ತಿಕೊಂಡು, ಬಿದ್ದ ಕೂಡಲೇ ಹಿಡಿದು ನಿಲ್ಲಿಸುವ ಬ್ಲಾಕ್ ಬೇಕು, ಹುಕ್ ತಲೆಗಿಂತ ಮೇಲೆ ಬೇಕು. ಈ ಲೆಕ್ಕ ಕೇಳುತ್ತಾ ನಿಂತಿದ್ದವರಲ್ಲಿ ಗಾರೆ ಕೆಲಸದವರು, ಪೇಂಟರ್‌ಗಳು ಯಾರೂ ಇರಲಿಲ್ಲ. ಎಲ್ಲರ ಕೊರಳಲ್ಲೂ ಮ್ಯಾನೇಜರ್, ಪರ್ಚೇಸ್ ಅಂತ ಬ್ಯಾಡ್ಜ್.

ನನ್ನ ದೊಡ್ಡ ದೂರು ಇದೇ. ಕೊಳ್ಳುವವರು ಬರುತ್ತಾರೆ, ಹಾಕಿಕೊಳ್ಳುವವರು ಬರುವುದಿಲ್ಲ. ಕಾನ್ಫರೆನ್ಸ್‌ನಲ್ಲಿ ಇದು ಇನ್ನೂ ಎದ್ದು ಕಂಡಿತು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಬಗ್ಗೆ ಒಂದು ಒಳ್ಳೆಯ ಭಾಷಣ ಇತ್ತು. ಮೊದಲು 1000 ಕೆಲಸಗಾರರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯ ಇತ್ತು, ಈಗ ಅದು ಫ್ಯಾಕ್ಟರಿಗಳಿಗೆ 500ಕ್ಕೆ, ಅಪಾಯಕಾರಿ ಕೆಲಸದ ಕಡೆ 250ಕ್ಕೆ ಇಳಿದಿದೆ. ಸರಿ, ಆದರೆ ಐವತ್ತು ಜನರ ವರ್ಕ್‌ಶಾಪ್‌ನಲ್ಲಿ ಯಾರು ನೋಡಿಕೊಳ್ಳಬೇಕು? ಆ ಪ್ರಶ್ನೆಗೆ ಟೈಮ್ ಸಾಲಲಿಲ್ಲ. ಉಳಿದ ಭಾಷಣಗಳಲ್ಲಿ ಹೆಚ್ಚಿನವು ಕಂಪನಿಗಳ ಜಾಹೀರಾತು. ಎಲ್ಲವೂ ಇಂಗ್ಲಿಷ್‌ನಲ್ಲೇ.

ಪೋಸ್ಟರ್ ಸ್ಟಾಲ್‌ನಲ್ಲಿ ಕನ್ನಡದ್ದು ಕೇಳಿದರೆ ಪ್ರಿಂಟ್ ಮಾಡಿಲ್ಲ ಅಂದರು. ಕೆಲಸಗಾರರಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಭಾಷೆಯಲ್ಲೂ ನೋಟಿಸ್ ಹಾಕಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಈಗ ಶಾಪ್‌ಗಳಲ್ಲಿ ಒಡಿಶಾ, ಬಿಹಾರದ ಹುಡುಗರೂ ತುಂಬಾ ಇದ್ದಾರೆ. ಕನ್ನಡದ ಜೊತೆ ಅವರ ಭಾಷೆಯಲ್ಲೂ ಬೇಕು.

ಹೋಗುವವರು ಮೊದಲ ದಿನ ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಡೆಮೊ ಹತ್ತಿರ ನಿಲ್ಲಲೂ ಜಾಗ ಇರುವುದಿಲ್ಲ. ನಿಮ್ಮ ಮೆಷಿನ್‌ಗಳ ಫೋಟೋ, ಕ್ಲಚ್ ಯಾವುದು, ಡೈ ಅಳತೆ ಎಷ್ಟು ಅನ್ನುವುದನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಟೆಸ್ಟ್ ಸರ್ಟಿಫಿಕೇಟ್ ಕೇಳಿ, ತೋರಿಸಲು ಹಿಂದೆಮುಂದೆ ನೋಡಿದರೆ ಮುಂದಿನ ಸ್ಟಾಲ್‌ಗೆ ನಡೆಯಿರಿ. ಸಾಧ್ಯವಾದರೆ ನಿಮ್ಮ ಪ್ರೆಸ್ ಆಪರೇಟರ್ ಒಬ್ಬರಿಗೆ ಆ ದಿನದ ಸಂಬಳ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಸಂಘಟಕರ ಫೀಡ್‌ಬ್ಯಾಕ್ ಫಾರ್ಮ್‌ನಲ್ಲೂ ಬರೆದು ಬಂದಿದ್ದೇನೆ: ಮುಂದಿನ ಸಲ ಒಂದು ದಿನ ಕೆಲಸಗಾರರಿಗೇ ಇಡಿ, ಪೀಣ್ಯದಿಂದ, ದಾಬಸ್‌ಪೇಟೆಯಿಂದ ಬಸ್ ಬಿಡಿ, ಡೆಮೊಗಳನ್ನು ಕನ್ನಡದಲ್ಲೂ ಹಿಂದಿಯಲ್ಲೂ ಮಾಡಿಸಿ.