ಮಳೆಗಾಲದ ಇನ್ವರ್ಟರ್ ಮತ್ತು ಹತ್ತು ಮಂದಿ ಕನ್ಯೆಯರು: ಒಂದು ಬಳಕೆದಾರ ವಿಮರ್ಶೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದವರೆಗಿನ ಅಡಿಕೆ ತೋಟಗಳ ನಡುವೆ ಮನೆ ಮಾಡಿಕೊಂಡವರು ಇನ್ವರ್ಟರ್ ಕೊಳ್ಳುವುದು ಬೇಸಗೆಯ ಸೆಕೆಗಿಂತ ಹೆಚ್ಚಾಗಿ ಜೂನ್, ಜುಲೈ ತಿಂಗಳ ಗಾಳಿಮಳೆಗೆ ಹೆದರಿ. ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಸಾಕು, ಲೈನ್‌ಮ್ಯಾನ್ ಆ ಮಳೆಯಲ್ಲೇ ಕಂಬ ಹತ್ತಿ ಸರಿಪಡಿಸುವವರೆಗೆ ಊರಿಗೆ ಊರೇ ಕತ್ತಲೆ. ನಾನು ಇಲ್ಲಿ ವಿಮರ್ಶಿಸುತ್ತಿರುವುದು ನಮ್ಮ ಮನೆಯಲ್ಲಿರುವ 900 ವಿಎ (ವೋಲ್ಟ್-ಆಂಪಿಯರ್) ಸೈನ್‌ವೇವ್ ಇನ್ವರ್ಟರ್, ಎಂದರೆ ಲೈನಿನ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟು ಕೊಡುವಂಥದ್ದು, ಮತ್ತು 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿಯನ್ನು. ಈ ಅಳತೆಯ ಯಂತ್ರಗಳ ಗುಣದೋಷಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕಂಪೆನಿಯ ಹೆಸರನ್ನು ಬರೆಯುವುದಿಲ್ಲ.

ನಮ್ಮದು ಸಂಜೆ ತೇರ್ಸ್, ಎಂದರೆ ಕ್ರೈಸ್ತರ ಜಪಮಾಲೆ, ಹೇಳುವ ಮನೆ. ಅದರ ಐದು ಭಾಗಗಳಲ್ಲಿ ಮೂರನೆಯ ರಹಸ್ಯಕ್ಕೆ ಬರುವಷ್ಟರಲ್ಲಿ ದೀಪ ಆರಿದರೆ, ದೇವರು ನಮಗೆ ತಾಳ್ಮೆ ಕಲಿಸುತ್ತಿದ್ದಾನೆ ಎಂದು ಹೇಳುವ ಒಬ್ಬರಾದರೂ ಹಿರಿಯರು ಅಂಥ ಮನೆಗಳಲ್ಲಿ ಇದ್ದೇ ಇರುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂತಹ ಸಣ್ಣ ಕಿರಿಕಿರಿಗಳಿಂದ ಪಾಠ ತೆಗೆಯುವುದಾದರೆ, ಕಿರಿಕಿರಿ ಯಾವ ಕಾರಣದಿಂದ ಹುಟ್ಟಿತು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇಲ್ಲವಾದರೆ ಬ್ಯಾಟರಿಯಲ್ಲಿ ನೀರು ಬತ್ತಿದ್ದನ್ನೂ ದೈವಚಿತ್ತವೆಂದು ಕರೆಯುವ ಸ್ಥಿತಿಗೆ ಬರುತ್ತೇವೆ.

ಮೊದಲು ಯಂತ್ರದ ಸಾಮರ್ಥ್ಯದ ಮಾತು. ಅಂಗಡಿಯಲ್ಲಿ ಕೇಳಿದರೆ ಹನ್ನೆರಡು ವೋಲ್ಟಿನ 150 ಎಎಚ್ ಬ್ಯಾಟರಿಯೆಂದರೆ 1800 ವಾಟ್-ಅವರ್ ಎಂದು ಗುಣಿಸಿ ತೋರಿಸುತ್ತಾರೆ. ಆದರೆ 150 ಎಂಬ ಆ ಅಂಕಿ ಇಪ್ಪತ್ತು ಗಂಟೆಗಳ ಕಾಲ ಏಳೂವರೆ ಆಂಪಿಯರಿನಂತೆ ನಿಧಾನವಾಗಿ ಎಳೆದಾಗ ಸಿಗುವ ಲೆಕ್ಕ. 75 ವಾಟಿನ ಎರಡು ಫ್ಯಾನು, 9 ವಾಟಿನ ಐದು ಎಲ್‌ಇಡಿ ಬಲ್ಬುಗಳನ್ನು ಒಟ್ಟಿಗೆ ಉರಿಸಿದರೆ ಬ್ಯಾಟರಿಯಿಂದ ಹತ್ತೊಂಬತ್ತು ಇಪ್ಪತ್ತು ಆಂಪಿಯರ್ ಹರಿಯುತ್ತದೆ. ಹಾಗೆ ಬೇಗಬೇಗನೆ ಎಳೆದಾಗ ಬ್ಯಾಟರಿ ತನ್ನ ಪೂರ್ತಿ ಶಕ್ತಿಯನ್ನು ಬಿಟ್ಟುಕೊಡುವುದಿಲ್ಲ, ಇನ್ವರ್ಟರಿನಲ್ಲಿಯೂ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ಹೊಸ ಬ್ಯಾಟರಿಯಲ್ಲಿ ಆರು ಗಂಟೆಯ ಆಸುಪಾಸು ಸಿಕ್ಕರೆ ತೃಪ್ತಿಪಡಬೇಕು. 30 ವಾಟಿನ ಹತ್ತಿರ ತೆಗೆದುಕೊಳ್ಳುವ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿಸಿದರೆ ಈ ಅವಧಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ ಶುಭಸಂದೇಶದಲ್ಲಿ ಯೇಸು ಕೇಳುವ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಸೈನ್‌ವೇವ್‌ಗಾಗಿ ಕೊಟ್ಟ ಹೆಚ್ಚಿನ ಹಣವಂತೂ ಸಾರ್ಥಕ. ಅಗ್ಗದ ಸ್ಕ್ವೇರ್‌ವೇವ್ ಯಂತ್ರದಲ್ಲಿ ಫ್ಯಾನು ರಾತ್ರಿಯಿಡೀ ಗುಂಯ್‌ಗುಡುತ್ತದೆ.

ಇನ್ನು ಆರೈಕೆ. ಕೆಲವು ತಿಂಗಳಿಗೊಮ್ಮೆ ಬ್ಯಾಟರಿಯ ಆರು ಕೋಶಗಳ ತೇಲುಕಡ್ಡಿಗಳನ್ನು ನೋಡಿ, ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮುರಕಲ್ಲಿನ ನೆಲದ ನಮ್ಮ ಬಾವಿ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿ ಕರಗಿರುವ ಕಬ್ಬಿಣ ಮತ್ತು ಲವಣಗಳು ಒಳಗಿನ ಸೀಸದ ಫಲಕಗಳನ್ನು ಕೆಡಿಸುತ್ತವೆ. ಬೇಸರದ ಸಂಗತಿಯೆಂದರೆ, ಈ ಉದಾಸೀನ ಕರೆಂಟು ಇರುವಷ್ಟು ದಿನ ಕಾಣುವುದೇ ಇಲ್ಲ. ಹಸಿರು ದೀಪ ಉರಿಯುತ್ತಿರುತ್ತದೆ, ಯಂತ್ರ ತೂಕಡಿಸುತ್ತಿರುತ್ತದೆ, ನೀರು ಬತ್ತಿದ ಬ್ಯಾಟರಿಗೂ ತುಂಬಿದ ಬ್ಯಾಟರಿಗೂ ಹೊರಗಿನಿಂದ ಯಾವ ಭೇದವೂ ತೋರುವುದಿಲ್ಲ.

ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕನ್ಯೆಯರ ಸಾಮತಿಯನ್ನು, ಎಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಸದಾ ಎಚ್ಚರವಾಗಿರಬೇಕೆಂಬ ಉಪದೇಶಕ್ಕಾಗಿ ಉಲ್ಲೇಖಿಸುವುದು ರೂಢಿ. ಮದುಮಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೋದ ಅವರಲ್ಲಿ ಐವರು ಜಾಣೆಯರು ಹೆಚ್ಚಿನ ಎಣ್ಣೆ ತಂದಿದ್ದರು, ಉಳಿದ ಐವರು ತಂದಿರಲಿಲ್ಲ. ಆದರೆ ಮದುಮಗ ತಡಮಾಡಿದಾಗ ಹತ್ತೂ ಮಂದಿ ತೂಕಡಿಸಿ ನಿದ್ದೆಹೋದರು ಎಂದು ಅಲ್ಲಿ ಸ್ಪಷ್ಟವಾಗಿದೆ, ಜಾಣೆಯರೂ ಎಚ್ಚರವಾಗಿರಲಿಲ್ಲ. ವ್ಯತ್ಯಾಸವಿದ್ದದ್ದು ನಿದ್ದೆಗೆ ಮುಂಚೆ ತಂದಿಟ್ಟ ಎಣ್ಣೆಯಲ್ಲಿ ಮಾತ್ರ, ಅದು ಬಯಲಾದದ್ದು ನಡುರಾತ್ರಿಯಲ್ಲಿ. ಬ್ಯಾಟರಿ ಖಾಲಿಯಾಗುತ್ತಿದೆಯೆಂದು ಯಂತ್ರ ಕೂಗಲು ತೊಡಗುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ, ಅಂಗಡಿಗೆ ಹೋಗಿ ಏನನ್ನೂ ಕೊಂಡುತರಲಾಗದ ಸಮಯದಲ್ಲಿ. ಆ ಕೂಗು ಕರ್ಕಶವಾಗಿದೆ, ಅದನ್ನು ತಗ್ಗಿಸುವ ಗುಂಡಿಯಿಲ್ಲ ಎಂಬುದು ಈ ಯಂತ್ರದ ಮೇಲಿನ ನನ್ನ ನಿಜವಾದ ದೂರು. ಆದರೂ ಸಾಧಾರಣ ದಿನಗಳ ಸಣ್ಣ ಕೆಲಸವೇ ಕಷ್ಟದ ರಾತ್ರಿಯ ವಿಶ್ವಾಸ ಎಂಬ ಅರ್ಥವನ್ನು ನನಗೆ ಆ ಸಾಮತಿಯಲ್ಲಿ ಕಾಣಿಸಿದ್ದು ಪ್ರಸಂಗಪೀಠವಲ್ಲ, ಈ ಕೂಗು.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಜಾಗದ ಕೊರತೆಯಿಂದ ಪ್ರಾರ್ಥನೆಯ ಪೀಠದ ಕೆಳಗಿನ ಕಪಾಟಿನಲ್ಲಿ ಬ್ಯಾಟರಿಯನ್ನು ಇಡುವ ಯೋಚನೆ ಯಾರಿಗಾದರೂ ಬಂದರೆ ಖಂಡಿತ ಬೇಡ. ಚಾರ್ಜ್ ಆಗುವಾಗ ಇಂತಹ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಮುಚ್ಚಿದ ಜಾಗ, ಮೇಲೆ ಉರಿಯುವ ಮೇಣದಬತ್ತಿ, ಇವೆರಡೂ ಸೇರಿದರೆ ಅಪಾಯ ಖಚಿತ.

ಗ್ರಾಹಕ ಸೇವೆ ಸಾಧಾರಣಕ್ಕಿಂತ ಕಡಿಮೆ. ಕರೆ ಮಾಡಿದರೆ ಪಿನ್ ಕೋಡ್ ಕೇಳಿ ಮಲಯಾಳದವರಿಗೆ ಜೋಡಿಸುತ್ತಾರೆ. ಗಡಿನಾಡಿನ ನಾವು ಹೇಗೋ ಮಾತನಾಡಿ ಮುಗಿಸುತ್ತೇವೆ, ಆದರೆ ಕನ್ನಡವನ್ನಷ್ಟೇ ಬಲ್ಲ ಹಿರಿಯರು ಮನೆಯಲ್ಲಿ ಒಬ್ಬರೇ ಇದ್ದರೆ ಆ ಸೇವೆಯಿಂದ ಅವರಿಗೆ ಪ್ರಯೋಜನವಿಲ್ಲ. ನಾಳೆ ಬರುತ್ತೇವೆ ಎಂದವರು ನಾಳೆ ಬರುವುದೂ ಇಲ್ಲ. ಇಲ್ಲಿ ತಾಳ್ಮೆಯ ಪಾಠ ಹುಡುಕಬೇಕೆಂದು ನನಗೆ ಅನಿಸುವುದಿಲ್ಲ. ನ್ಯಾಯಕ್ಕಾಗಿ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯನ್ನು ಯೇಸು ಮೆಚ್ಚಿದ್ದು ಲೂಕನ ಹದಿನೆಂಟನೆಯ ಅಧ್ಯಾಯದಲ್ಲಿದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು ಸಭ್ಯವಾಗಿ, ಮತ್ತೆ ಮತ್ತೆ ಕರೆ ಮಾಡುವುದು ಸಹನೆಗೆ ವಿರುದ್ಧವಾದುದಲ್ಲ. ಫೋನಿನ ಆ ತುದಿಯಲ್ಲಿರುವ ಹುಡುಗಿ ಕಂಪೆನಿಯ ಮಾಲಕಳಲ್ಲ ಎಂಬುದನ್ನು ನೆನಪಿಟ್ಟು ದನಿ ಏರಿಸದಿದ್ದರೆ ಅಷ್ಟೇ ಸಾಕು.

ಹಾಗೆಯೇ, ಕರೆಂಟು ಹೋದದ್ದನ್ನು, ಮೆಕ್ಯಾನಿಕ್ ಬಾರದ್ದನ್ನು "ನನ್ನ ಶಿಲುಬೆ" ಎಂದು ಹೇಳಿಕೊಳ್ಳುವ ಅಭ್ಯಾಸವೂ ನನಗೆ ಹಿತವೆನಿಸುವುದಿಲ್ಲ. ನಮ್ಮ ಬೇಳದ ಇಗರ್ಜಿ (ಚರ್ಚು) 1890ರಿಂದಲೂ ಶೋಕಮಾತೆಗೆ, ಎಂದರೆ ಯೇಸುವಿನ ತಾಯಿ ಮರಿಯಳಿಗೆ, ಅರ್ಪಿತವಾದದ್ದು. ಖಡ್ಗವೊಂದು ನಿನ್ನ ಪ್ರಾಣವನ್ನೇ ತೂರಿಹೋಗುವುದು ಎಂದು ಸಿಮೆಯೋನನಿಂದ ಕೇಳಿಸಿಕೊಂಡ ತಾಯಿಯ ಪ್ರತಿಮೆಯ ಮುಂದೆ ನಿಂತು ಫ್ಯಾನು ತಿರುಗದ ಸಂಕಟವನ್ನು ತೋಡಿಕೊಳ್ಳಲು ನಾಲಿಗೆ ಏಳುವುದಿಲ್ಲ. ಸಣ್ಣದನ್ನು ಸಣ್ಣದೆಂದೇ ಕರೆದರೆ ಅದರಿಂದ ಕಲಿಯಲು ಬರುವುದೂ ಸರಿಯಾದ ಪ್ರಮಾಣದಲ್ಲಿರುತ್ತದೆ.

ಇಷ್ಟೆಲ್ಲ ಆದರೂ ನಾನು ಈ ಯಂತ್ರಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಆ ಅರ್ಧ ಅಂಕ ಕೊಳ್ಳುವಾಗ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಉಪಯೋಗಕ್ಕೆ. ಎರಡನೆಯ ದಿನವೂ ಕರೆಂಟು ಬಾರದಾಗ ನೆರೆಯವರು ಮೊಬೈಲ್ ಹಿಡಿದು, ಸಂಕೋಚದಿಂದ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬರುತ್ತಾರೆ. ಮಕ್ಕಳು ನನ್ನೊಡನೆ ಮಲಗಿದ್ದಾರೆ, ತೊಂದರೆ ಕೊಡಬೇಡ ಎಂದು ಒಳಗಿನಿಂದಲೇ ಉತ್ತರಿಸಿದ, ಕೊನೆಗೆ ಎದ್ದು ರೊಟ್ಟಿ ಕೊಟ್ಟ ಗೆಳೆಯನ ಕಥೆ ಲೂಕನ ಹನ್ನೊಂದನೆಯ ಅಧ್ಯಾಯದಲ್ಲಿದೆ. ಜಾಣ ಕನ್ಯೆಯರು ಕೇಳಿದ ಸಂಗಾತಿಗಳಿಗೆ ಎಣ್ಣೆ ಕೊಡಲಿಲ್ಲ, ಈ ಗೆಳೆಯ ರೊಟ್ಟಿ ಕೊಟ್ಟ. ಎರಡನ್ನೂ ಒಟ್ಟಿಗೆ ಓದುವುದು ಸುಲಭವಲ್ಲ. ನನಗೆ ಹೊಳೆದಂತೆ, ತಿಂಗಳುಗಟ್ಟಲೆ ಮಾಡಿದ ಆರೈಕೆಯನ್ನು ಆ ರಾತ್ರಿ ಇನ್ನೊಬ್ಬರಿಗೆ ಎರವಲು ಕೊಡಲಾಗದು, ಅದರಿಂದ ಉಳಿದ ಕರೆಂಟನ್ನು ಕೊಡಬಹುದು. ಮೊಬೈಲ್ ಚಾರ್ಜರ್ ತೆಗೆದುಕೊಳ್ಳುವುದು ಹತ್ತಿಪ್ಪತ್ತು ವಾಟ್, ಒಂದು ಫ್ಯಾನಿನ ಕಾಲು ಭಾಗದಷ್ಟು.

ಹಾಗಾಗಿ ಹೊಸದಾಗಿ ಇನ್ವರ್ಟರ್ ಹಾಕಿಸುವವರಿಗೆ ನನ್ನ ಸಲಹೆಯಿಷ್ಟು: ವೈರಿಂಗ್ ಮಾಡುವವನಿಗೆ ಹೇಳಿ ಇನ್ವರ್ಟರ್ ಲೈನಿನಿಂದಲೇ ಜಗಲಿಗೆ ಆರು ಆಂಪಿಯರಿನ ಒಂದು ಪ್ಲಗ್ ಪಾಯಿಂಟನ್ನು ಎಳೆಸಿರಿ, ಮಳೆಯ ಎರಚಲು ತಾಗದಷ್ಟು ಒಳಗೆ. ಬಂದವರು ಒಳಮನೆಯವರನ್ನು ಎಬ್ಬಿಸದೆ ಫೋನು ಸಿಕ್ಕಿಸಿ ಹೋಗಬಹುದು.