ಹಸಿರು ಸ್ಟ್ಯಾಂಪೋ, ಕೋ-ಆಪ್ ಸ್ಟ್ಯಾಂಪೋ? ಐವತ್ತು ವರ್ಷದ ಜಗಳಕ್ಕೆ ನನ್ನ ತೀರ್ಪು

ನನ್ನ ಓಟು ಹಸಿರಿಗೆ. ಮೊದಲೇ ಹೇಳಿಬಿಟ್ಟರೆ ಮುಂದೆ ನ್ಯಾಯಾಧೀಶರ ವೇಷ ಹಾಕುವ ಕಷ್ಟ ನನಗಿಲ್ಲ. ಗದಗಿನ ನಮ್ಮ ಮನೆಯ ಅಡುಗೆಮನೆ ಮೂಲೆಯಲ್ಲಿ ಒಂದು ತೂಕದ ಯಂತ್ರ ಇದೆ. ಸ್ಟೋನು-ಪೌಂಡಿನ ಲೆಕ್ಕದ, ಮೇಲೆ ಹತ್ತಿ ನಿಂತು ತೂಕ ನೋಡಿಕೊಳ್ಳುವ ಹಳೆಯ ಬಾತ್‌ರೂಮ್ ಸ್ಕೇಲು. 1976ರಲ್ಲಿ ಇಂಗ್ಲೆಂಡಿನಿಂದ ಸೂಟ್‌ಕೇಸಿನಲ್ಲಿ ಕೂತು ಬಂದದ್ದು. ಅದಕ್ಕೆ ನಾವು ಒಂದು ಪೆನ್ನಿಯನ್ನೂ ಕೊಡಲಿಲ್ಲ, ಸಾಮಾನು ಕೊಂಡಾಗ ಅಂಗಡಿಯವರು ಕೊಡುತ್ತಿದ್ದ ಗ್ರೀನ್ ಶೀಲ್ಡ್ ಎಂಬ ಹಸಿರು ಸ್ಟ್ಯಾಂಪು ಹಚ್ಚಿ ತುಂಬಿಸಿದ ಪುಸ್ತಕಗಳನ್ನು ಕೊಟ್ಟೆವು.

"ಒಂದು ಪೆನ್ನಿಯನ್ನೂ" ಎಂದರೆ ನನ್ನ ತಮ್ಮ ಒಪ್ಪುವುದಿಲ್ಲ. "ಅಕ್ಕಾ, ಆ ದುಡ್ಡು ಬ್ರೆಡ್ಡು ಬೆಣ್ಣಿ ರೇಟಿನಾಗ ಮೊದಲ ಹಿರಕೊಂಡಿರ್ತಾರ" ಎನ್ನುತ್ತಾನೆ. ಅವನು ಹುಟ್ಟಾ ಕೋ-ಆಪ್ ಪಕ್ಷ, ಅಂದರೆ ಸಹಕಾರಿ ಸೊಸೈಟಿಯ ಅಂಗಡಿ ಕೊಡುತ್ತಿದ್ದ ಸ್ಟ್ಯಾಂಪಿನ ಕಡೆಯವನು. ಹೋದ ತಿಂಗಳು ಯಾವುದೋ ಅಂಗಡಿಯ ಆ್ಯಪಿನಲ್ಲಿ ನನ್ನ ಪಾಯಿಂಟುಗಳು ಅವಧಿ ಮುಗಿದು ಮಾಯವಾದವು ಎಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಗೋಳಾಡಿದೆ. ಅಲ್ಲಿಂದ ಮತ್ತೆ ಎದ್ದ ಹಳೆಯ ಜಗಳ ಇದು. ಅವನ ವಾದ ಅವನು ಬೇಕಾದರೆ ಬೇರೆ ಬರೆದುಕೊಳ್ಳಲಿ.

ಅಪ್ಪ ಹುಬ್ಬಳ್ಳಿಯ ಕೆಎಂಸಿಯಲ್ಲಿ ಓದಿ, 1971ರಲ್ಲಿ ರಾಚ್‌ಡೇಲ್ ಹತ್ತಿರದ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದರು. ನನಗೆ ಏಳು ವರ್ಷ, ತಮ್ಮನಿಗೆ ನಾಲ್ಕು. ಆ ವರ್ಷದ ಫೆಬ್ರವರಿಯಲ್ಲಷ್ಟೇ ಬ್ರಿಟನ್ನಿನವರು ಶಿಲಿಂಗು-ಪೆನ್ಸಿನ ಲೆಕ್ಕ ಬಿಟ್ಟು ನೂರು ಪೆನ್ನಿಗೆ ಒಂದು ಪೌಂಡು ಅನ್ನುವ ಹೊಸ ಲೆಕ್ಕಕ್ಕೆ ಬಂದಿದ್ದರು. ಅಂಗಡಿಯ ಮುದುಕಿಯರು ಇನ್ನೂ ಹಳೆಯ ಲೆಕ್ಕದಲ್ಲೇ ಗೊಣಗುತ್ತಿದ್ದರು. ನೈಜಾಮರ ಕಾಲದ ಹಾಲಿ ಸಿಕ್ಕ ಎಂಬ ಬೇರೆ ನಾಣ್ಯದ ಕಥೆ ಕೇಳಿ ಬೆಳೆದ ಅಪ್ಪನಿಗೆ ಅದೇನೂ ಹೊಸದಲ್ಲ. ಅವ್ವನಿಗೆ ಮಾತ್ರ ಎರಡು ಲೆಕ್ಕವೂ ಹೊಸದು.

ಸ್ಟ್ಯಾಂಪಿನ ವ್ಯವಹಾರ ನೋಡದವರಿಗೆ ಇಷ್ಟು ಸಾಕು: ಅಂಗಡಿಯಲ್ಲಿ ಹಳೆಯ ಆರು ಪೆನ್ಸಿನ ಸಾಮಾನಿಗೆ, ಅಂದರೆ ಹೊಸ ಎರಡೂವರೆ ಪೆನ್ಸಿಗೆ, ಒಂದು ಹಸಿರು ಸ್ಟ್ಯಾಂಪು. ಒಂದು ಪುಸ್ತಕಕ್ಕೆ 1280 ಸ್ಟ್ಯಾಂಪು. ಗುಣಿಸಿ ನೋಡಿ, ಪುಸ್ತಕ ತುಂಬಬೇಕೆಂದರೆ 32 ಪೌಂಡಿನ ಖರೀದಿ ಆಗಬೇಕು. ನಮ್ಮ ಮನೆಯ ವಾರದ ಸಂತೆ ಎಂಟು ಪೌಂಡು ದಾಟುತ್ತಿರಲಿಲ್ಲ, ಹಾಗಾಗಿ ತಿಂಗಳಿಗೆ ಒಂದು ಪುಸ್ತಕವೇ ಹೆಚ್ಚು. ತುಂಬಿದ ಪುಸ್ತಕಗಳನ್ನು ಗಿಫ್ಟ್ ಹೌಸ್ ಎಂಬ ಅಂಗಡಿಗೆ ಒಯ್ದರೆ ಕ್ಯಾಟಲಾಗಿನಲ್ಲಿ ತೋರಿಸಿದ ಸಾಮಾನು ಕೊಡುತ್ತಿದ್ದರು. ಅಮೆರಿಕದಲ್ಲಿ ಇಂಥ ವ್ಯಾಪಾರ 1896ರಲ್ಲೇ ಸ್ಪೆರಿ ಆ್ಯಂಡ್ ಹಚಿನ್ಸನ್ ಕಂಪನಿಯಿಂದ ನಡೆದಿತ್ತು. ಬ್ರಿಟನ್ನಿನಲ್ಲಿ ಗ್ರೀನ್ ಶೀಲ್ಡ್ ಶುರು ಮಾಡಿದ್ದು ರಿಚರ್ಡ್ ಟಾಂಪ್ಕಿನ್ಸ್, 1958ರಲ್ಲಿ.

ಈಗ ತೊಂದರೆಯ ವಿಷಯಕ್ಕೆ ಬರುತ್ತೇನೆ. ಹಸಿರು ಸ್ಟ್ಯಾಂಪಿನಲ್ಲಿ ನನಗೆ ಕಂಡ ತಪ್ಪು ಒಂದೇ, ಆದರೆ ಅದು ಆರು ತಿಂಗಳು ಮನೆಯನ್ನು ಎರಡು ಭಾಗ ಮಾಡಿತು. ಎಂಜಲು.

ಸ್ಟ್ಯಾಂಪಿನ ಹಿಂದೆ ಒಣಗಿದ ಅಂಟು ಇರುತ್ತಿತ್ತು. ನೆಕ್ಕಬೇಕು, ಹಚ್ಚಬೇಕು. ಪ್ರತಿ ಶನಿವಾರ ಸಂತೆ ಮುಗಿದ ಮೇಲೆ ಅದು ನನ್ನ ಕೆಲಸ. ಮೊದಲ ನಾಲ್ಕು ಸಾಲು ಉತ್ಸಾಹ. ಆಮೇಲೆ ನಾಲಿಗೆಯ ಮೇಲೆ ಪೊರೆ ಕಟ್ಟುತ್ತಿತ್ತು. ಸಂಜೆ ಅವ್ವ ರೈಸ್ ಕ್ರಿಸ್ಪೀಸಿನಲ್ಲಿ ಮಾಡುತ್ತಿದ್ದ ಗಿರಮಿಟ್ಟಿಗೂ (ಆ ಊರಲ್ಲಿ ಮಂಡಕ್ಕಿ ಎಲ್ಲಿಂದ ತರಬೇಕು) ಅದೇ ಅಂಟಿನ ರುಚಿ. ಅಷ್ಟಾದರೂ ನಡೆದುಕೊಂಡು ಹೋಗುತ್ತಿತ್ತು. 1974ರ ಬೇಸಿಗೆಯಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ಗದಗಿನಿಂದ ಬಂದಳು.

ಬಂದ ಮೊದಲ ಶನಿವಾರವೇ ನಾನು ಅಡುಗೆಮನೆ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತದ್ದನ್ನು ನೋಡಿದಳು.

"ಏನವ್ವಾ ಇದು, ಎಂಜಲಾ ಗಂಟು ಕಟ್ಟಿ ಅಡಗಿ ಮನ್ಯಾಗ ಇಟ್ಟೀರಿ?"

"ನಮ್ದ ಎಂಜಲಾ ಆಯಿ, ಮಂದೀದಲ್ಲ."

"ನಿಮ್ದಾದ್ರ ಏನು, ಅಮೃತ ಏನು?"

ಪುಸ್ತಕಗಳು ಅಡುಗೆಮನೆಯಿಂದ ಹೊರಬಿದ್ದವು. ಅದು ಸಣ್ಣ ಶಿಕ್ಷೆ. ಎರಡು ದಿನ ಬಿಟ್ಟು ಆಯಿಗೆ ಎರಡನೇ ಅನುಮಾನ ಬಂತು: ಈ ಅಂಟು ಯಾತರದು? ದನದ ಗೊರಸು ಕುದಿಸಿ ಮಾಡಿದ್ದೇನೋ? ಅಪ್ಪ ಡಾಕ್ಟರು, ಅವರನ್ನೇ ಕೇಳಿದಳು. "ಗಿಡದ ಗೋಂದ ಇರಬೇಕವ್ವಾ" ಎಂದರು ಅಪ್ಪ. ಆ "ಇರಬೇಕು" ಎನ್ನುವ ಮಾತೇ ಕೆಲಸ ಕೆಡಿಸಿತು. ಲಿಂಗ ಕಟ್ಟಿಕೊಂಡ ಮನೆಯಲ್ಲಿ "ಇರಬೇಕು" ಅನ್ನುವ ಗೋಂದಿಗೆ ಜಾಗ ಎಲ್ಲಿ? ಅವತ್ತಿನಿಂದ ನನ್ನ ನಾಲಿಗೆಗೆ ಬೀಗ.

ನೆರೆಯವರು ಒದ್ದೆ ಸ್ಪಂಜು ಇಟ್ಟುಕೊಳ್ಳುತ್ತಿದ್ದರು. ನಾವೂ ಇಟ್ಟೆವು. ನನಗೆ ಸ್ಪಂಜಿನ ಕೈಹದ ಬರಲೇ ಇಲ್ಲ. ನೀರು ಹೆಚ್ಚಾಗಿ ಅಂಟೆಲ್ಲ ತೊಳೆದು ಹೋಗಿ, ಹಚ್ಚಿದ ಸ್ಟ್ಯಾಂಪು ಮರುದಿನ ಒಣಗಿದ ಎಲೆಯ ಹಾಗೆ ಉದುರುತ್ತಿತ್ತು. ಆಗ ಆಯಿ ತನ್ನ ಪರಿಹಾರ ತಂದಳು: ಅನ್ನದ ಗಂಜಿ. ಊರಲ್ಲಿ ದೀಪಾವಳಿಯ ಆಕಾಶಬುಟ್ಟಿಗೆ ಬಣ್ಣದ ಕಾಗದ ಹಚ್ಚುವುದು ಅದರಿಂದಲೇ ಅಲ್ಲವೇ. ಒಂದು ವಾಟಿಯಲ್ಲಿ ಗಂಜಿ, ಬೆರಳಿನಿಂದ ಸವರುವುದು, ಸ್ಟ್ಯಾಂಪಿನ ಹಾಳೆ ಇಡುವುದು, ಮುಷ್ಟಿಯಿಂದ ಒತ್ತುವುದು. ಕೆಲಸ ಎಷ್ಟು ಬೇಗ ಮುಗಿಯಿತೆಂದರೆ ನಾನು ಆಯಿಯ ಪಕ್ಷಕ್ಕೆ ಹಾರಿಬಿಟ್ಟೆ. ಗಟ್ಟಿಯಾಗಿ ಕೂರಲಿ ಅಂತ ಎರಡು ಪುಸ್ತಕಗಳನ್ನು ಹಾಸಿಗೆಯ ಕೆಳಗೆ ಇಟ್ಟೆವು.

ಗದಗಿನ ಬಿಸಿಲಿಗೂ ರಾಚ್‌ಡೇಲಿನ ತೇವಕ್ಕೂ ಇರುವ ವ್ಯತ್ಯಾಸ ಆಯಿಗೆ ಹೇಗೆ ಗೊತ್ತಾಗಬೇಕು? ಮೂರು ವಾರ ಬಿಟ್ಟು ತೆಗೆದರೆ ಆ ಎರಡು ಪುಸ್ತಕ ಎರಡು ಕಡಕ್ ರೊಟ್ಟಿ. ಹಾಳೆಗೆ ಹಾಳೆ ಕಚ್ಚಿಕೊಂಡಿತ್ತು. ಅಂಚಿಗೆ ಬೂದು ಬಣ್ಣದ ಬೂಷ್ಟು, ಹುಳಿ ವಾಸನೆ. 64 ಪೌಂಡಿನ ಸಂತೆ ಅದರೊಳಗಿತ್ತು! ಅವ್ವ ಆಯಿಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದೇ ಕಡಿಮೆ, ಅವತ್ತೂ ಆಡಲಿಲ್ಲ. ಸುಮ್ಮನೆ ಕೆಟಲ್ ಇಟ್ಟು, ಅದರ ಹಬೆ ಹಿಡಿದು ಬೆಣ್ಣೆ ಹಚ್ಚುವ ಚಾಕುವಿನಿಂದ ಒಂದೊಂದೇ ಹಾಳೆ ಬಿಡಿಸಿದಳು. ಎರಡು ರಾತ್ರಿ ಹಿಡಿಯಿತು. ಅರ್ಧದಷ್ಟು ಉಳಿಯಿತು. ಉಳಿದ ಸ್ಟ್ಯಾಂಪುಗಳನ್ನು ಹೊಸ ಪುಸ್ತಕಕ್ಕೆ ಹಚ್ಚಬೇಕಾದಾಗ ಆಯಿ ಮಲಗಿದ ಮೇಲೆ ನಾನೂ ಅವ್ವನೂ ಮೆಟ್ಟಿಲ ಮೇಲೆ ಕೂತು, ಕದ್ದು, ನೆಕ್ಕಿದೆವು. ಅವ್ವ ನೆಕ್ಕಿದ್ದನ್ನು ಈ ಐವತ್ತು ವರ್ಷದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ತಮ್ಮ ಇದನ್ನು ಓದಿದರೆ ಓದಲಿ.

ಇಷ್ಟಾದ ಮೇಲೂ ಹಸಿರೇ ಯಾಕೆ ಅಂದರೆ, ಕೋ-ಆಪಿನ ಕಥೆ ಕೇಳಬೇಕು.

ರಾಚ್‌ಡೇಲ್ ಅಂದರೆ ಸಹಕಾರ ಚಳವಳಿಯ ತವರು. 1844ರಲ್ಲಿ ಅಲ್ಲಿಯ ಟೋಡ್ ಲೇನ್‌ನಲ್ಲಿ ಕೆಲಸಗಾರರು ಸೇರಿ ತಮ್ಮದೇ ಅಂಗಡಿ ತೆರೆದರು. ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು ಸದಸ್ಯರಿಗೆ. ಜನ ಅದನ್ನು "ಡಿವಿ" ಎನ್ನುತ್ತಿದ್ದರು. ಪಕ್ಕದ ಮನೆಯ ಅಜ್ಜಿಗೆ ತಮ್ಮ ತಾಯಿಯ ಡಿವಿ ನಂಬರು ಬಾಯಿಪಾಠ ಇತ್ತು. ತಮ್ಮ ಮೊಮ್ಮಕ್ಕಳ ಹುಟ್ಟುಹಬ್ಬ ಮರೆತರೂ ಆ ನಂಬರು ಮರೆಯುತ್ತಿರಲಿಲ್ಲ. ನಮ್ಮ ಕಾಲಕ್ಕೆ ಆ ಡಿವಿ ಕೂಡ ಸ್ಟ್ಯಾಂಪಿನ ರೂಪಕ್ಕೆ ಬಂದಿತ್ತು. ಅಪ್ಪನಿಗೆ ಇದು ಧರ್ಮದ ವಿಷಯ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದವರು. "ನಮ್ಮೂರಿಂದ ಇವರೂರಿಗೆ ಬಂದೀವಿ, ಸೊಸೈಟಿ ಬಿಟ್ಟು ಬ್ಯಾರೆ ಕಡೆ ಹೋಗೂದ?" ಎಂದು ಕೇಳುತ್ತಿದ್ದರು. ಟೋಡ್ ಲೇನಿನ ಹಳೆಯ ಕಟ್ಟಡದ ಮುಂದೆ ನಮ್ಮನ್ನು ನಿಲ್ಲಿಸಿ ಫೋಟೋ ಕೂಡ ತೆಗೆದಿದ್ದಾರೆ. ಮೂವರ ಮುಖವೂ ಬಿಸಿಲಿಗೆ ಗಂಟಿಕ್ಕಿದೆ, ಕಟ್ಟಡ ಮಾತ್ರ ಸ್ಪಷ್ಟ.

ಲೆಕ್ಕದಲ್ಲಿ ತಮ್ಮ ಸರಿ, ಅದನ್ನು ಒಪ್ಪಿಬಿಡುತ್ತೇನೆ. ಕೋ-ಆಪಿನ ಪುಸ್ತಕ ತುಂಬಿದರೆ ಅದೇ ಅಂಗಡಿಯಲ್ಲಿ ಸಾಮಾನು ತರಬಹುದು, ಇಲ್ಲವೇ ನಗದು. ಗಿಫ್ಟ್ ಹೌಸಿಗೆ ಬಸ್ಸು ಹತ್ತಬೇಕಾಗಿಲ್ಲ, ಕ್ಯಾಟಲಾಗ್ ನೋಡಿ ಆಸೆಪಡಬೇಕಾಗಿಲ್ಲ. ಹಸಿರು ಸ್ಟ್ಯಾಂಪಿಗೂ ನಗದು ಇತ್ತು. 1964ರ ಕಾಯ್ದೆಯ ನಂತರ ಸ್ಟ್ಯಾಂಪಿನ ಮೇಲೆಯೇ ಅದರ ನಗದು ಬೆಲೆ ಅಚ್ಚಾಗಿರಬೇಕಿತ್ತು. ಅಪ್ಪ ಕನ್ನಡಕ ಏರಿಸಿ ಓದಿ, ಒಂದು ಪುಸ್ತಕಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ, ನಕ್ಕು, ಪುಸ್ತಕ ಕೆಳಗಿಟ್ಟರು. ಪುಡಿಗಾಸು.

ಆದರೆ ನಗದು ಅನ್ನುವುದೇ ನಮ್ಮ ಮನೆಯಲ್ಲಿ ನಿಲ್ಲುವ ವಸ್ತು ಆಗಿರಲಿಲ್ಲ. ಪ್ರತಿ ತಿಂಗಳು ಊರಿಗೆ ದುಡ್ಡು ಹೋಗಬೇಕು. ಕಾಕಾನ ಓದು, ಅತ್ತೆಯ ಮದುವೆಯ ಸಾಲ, ಬಾವಿಗೆ ಹೊಸ ಮೋಟರು. ಕೋ-ಆಪಿನ ಪುಸ್ತಕ ಒಡೆದ ದಿನ ಬಂದ ಚಿಲ್ಲರೆ ಕೂಡ ಅಪ್ಪನ ಲಕೋಟೆಗೇ. ಅವ್ವ ಏನೂ ಅನ್ನುತ್ತಿರಲಿಲ್ಲ. ಆರು ವರ್ಷದಲ್ಲಿ ಕೋ-ಆಪ್ ಸ್ಟ್ಯಾಂಪಿನಿಂದ ನಮ್ಮ ಮನೆಗೆ ಏನು ಬಂತು ಎಂದು ತಮ್ಮನನ್ನು ಕೇಳಿ. ಒಂದು ವಸ್ತುವಿನ ಹೆಸರು ಹೇಳಲಿ ನೋಡೋಣ.

ಹಸಿರು ಸ್ಟ್ಯಾಂಪನ್ನು ಮನಿಯಾರ್ಡರ್ ಮಾಡಲಿಕ್ಕೆ ಬರುತ್ತಿರಲಿಲ್ಲ. ಊರಿನ ಯಾರೂ ಅದನ್ನು ಕೇಳುವಂತಿರಲಿಲ್ಲ. ಅದು ಅವ್ವನ ಒಬ್ಬಳ ಖಜಾನೆ. ಕ್ಯಾಟಲಾಗಿನ ಪುಟಗಳಿಗೆ ಅವಳು ಹುಣಸೆಬೀಜ ಇಟ್ಟು ಗುರುತು ಮಾಡುತ್ತಿದ್ದಳು. ಮೊದಲು ಒಂದು ಟೋಸ್ಟರ್ ಬಂತು. ಆಮೇಲೆ ಹೊದಿಕೆ. 1976ರಲ್ಲಿ ಐದು ವರ್ಷದ ಮೇಲೆ ಊರಿಗೆ ಹೊರಟಾಗ ತೂಕದ ಯಂತ್ರ. ವಿಮಾನದಲ್ಲಿ ತಲೆಗೆ 20 ಕಿಲೋ. ಅಪ್ಪ ಅದನ್ನು ಯಂತ್ರದ ಲೆಕ್ಕಕ್ಕೆ ತಿರುಗಿಸಿ (ಒಂದು ಸ್ಟೋನಿಗೆ 14 ಪೌಂಡು ತೂಕ) ಒಂದು ಚೀಟಿಯಲ್ಲಿ "3 ಸ್ಟೋನ್ 2 ಪೌಂಡ್" ಎಂದು ಬರೆದು ಗೋಡೆಗೆ ಅಂಟಿಸಿದ್ದರು. ಮೊದಲು ತಮ್ಮ ಒಬ್ಬನೇ ನಿಲ್ಲುವುದು, ಆಮೇಲೆ ಸೂಟ್‌ಕೇಸು ಎತ್ತಿಕೊಂಡು ನಿಲ್ಲುವುದು, ಕಳೆಯುವುದು. ಕೊನೆಗೆ ತೂಕದ ಯಂತ್ರವನ್ನೇ ಆಯಿಗೆಂದು ಸೂಟ್‌ಕೇಸಿಗೆ ಹಾಕಿದೆವು. ಅದರ ತೂಕವನ್ನು ಮಾತ್ರ ತೂಗಲು ಬರಲಿಲ್ಲ. ವಿಮಾನ ನಿಲ್ದಾಣದಲ್ಲಿ ಎರಡು ಜೊತೆ ಬೂಟು ಹೊರತೆಗೆದು ಕೈಯಲ್ಲಿ ಹಿಡಿದುಕೊಂಡೆವು.

ಉಳಿದವಕ್ಕೆ ಹೆಚ್ಚು ಜಾಗ ಬೇಡ. ಎಸ್ ಆ್ಯಂಡ್ ಎಚ್ (ಅದೇ ಸ್ಪೆರಿ ಆ್ಯಂಡ್ ಹಚಿನ್ಸನ್) ಕಂಪನಿಯ ಗುಲಾಬಿ ಸ್ಟ್ಯಾಂಪು: ಬಣ್ಣ ಚೆಂದ, ನಮ್ಮ ಪುಸ್ತಕ ಅರ್ಧಕ್ಕಿಂತ ಮುಂದೆ ಹೋಗಲೇ ಇಲ್ಲ.

ಬ್ರೂಕ್ ಬಾಂಡ್ ಚಹಾದ ಪೊಟ್ಟಣದೊಳಗಿನ ಚಿತ್ರದ ಕಾರ್ಡುಗಳನ್ನು ಸ್ಟ್ಯಾಂಪಿನ ಸಾಲಿಗೆ ಸೇರಿಸಬೇಕೋ ಬೇಡವೋ ಎಂದು ನಮ್ಮಲ್ಲಿ ಬೇರೆಯೇ ಜಗಳ ಇದೆ. ಒಂದು ಸರಣಿಗೆ 50 ಕಾರ್ಡು, ಹಚ್ಚಲಿಕ್ಕೆ ಅಗ್ಗದ ಆಲ್ಬಮ್ಮು. ಬಾಹ್ಯಾಕಾಶದ ಸರಣಿ, ಡೈನೋಸಾರಿನ ಸರಣಿ ಎರಡೂ ನಮ್ಮಲ್ಲಿದ್ದವು. ಚಹಾ ಕುಡಿಯುವುದರಲ್ಲಿ ಗದಗಿನವರನ್ನು ಇಂಗ್ಲಿಷರು ಸೋಲಿಸಲಾರರು, ಹಾಗಾಗಿ ಪೊಟ್ಟಣ ಬೇಗ ಖಾಲಿಯಾಗುತ್ತಿತ್ತು. ಕಷ್ಟವೆಂದರೆ ಬಂದದ್ದೇ ಬರುವುದು. ಆದರೆ ಶಾಲೆಯಲ್ಲಿ ನನಗೆ ಮೊದಲ ಗೆಳತಿ ಸಿಕ್ಕಿದ್ದು ಹೆಚ್ಚುವರಿ ಡೈನೋಸಾರುಗಳ ವಿನಿಮಯದಿಂದಲೇ. ಸ್ಟ್ಯಾಂಪಿನಿಂದ ಅದು ಆಗುತ್ತಿರಲಿಲ್ಲ. ಸ್ಟ್ಯಾಂಪನ್ನು ಯಾರು ಯಾರಿಗೆ ಕೊಡುತ್ತಾರೆ?

ಹಸಿರಿನ ವಿರುದ್ಧ ತಮ್ಮನ ಕೈಯಲ್ಲಿರುವ ಕೊನೆಯ ಬಾಣ ಪೆಟ್ರೋಲು. ಬಂಕಿನವರು "ನಾಲ್ಕು ಪಟ್ಟು ಸ್ಟ್ಯಾಂಪು" ಎಂದು ಬೋರ್ಡು ಹಾಕುತ್ತಿದ್ದರು. ಅವ್ವ ಅಪ್ಪನನ್ನು ಹತ್ತಿರದ ಬಂಕು ದಾಟಿಸಿ ದೂರದ ಬಂಕಿಗೆ ಕರೆದೊಯ್ಯುತ್ತಿದ್ದಳು. ಹೋಗಿಬರುವುದಕ್ಕೇ ಎಷ್ಟು ಪೆಟ್ರೋಲು ಸುಟ್ಟಿತು ಎಂದು ತಮ್ಮ ಲೆಕ್ಕ ಕೇಳುತ್ತಾನೆ. ಕೇಳಲಿ. ಅದು ನಮಗೆ ಭಾನುವಾರದ ಸವಾರಿ, ಬೇರೆ ಸವಾರಿಗೆ ದುಡ್ಡಿರಲಿಲ್ಲ.

1977ರ ಜೂನಿನಲ್ಲಿ ಟೆಸ್ಕೋ ಎಂಬ ದೊಡ್ಡ ಅಂಗಡಿಗಳ ಕಂಪನಿ ಹಸಿರು ಸ್ಟ್ಯಾಂಪು ಕೈಬಿಟ್ಟು ಬೆಲೆಗಳನ್ನೇ ಇಳಿಸಿತು. ತಮ್ಮನ ವಾದಕ್ಕೆ ಅದೇ ಸಾಕ್ಷಿ. ಟಾಂಪ್ಕಿನ್ಸ್ ಅಷ್ಟರಲ್ಲಿ ಜಾಣತನದಿಂದ 1973ರಲ್ಲೇ ಆರ್ಗೋಸ್ ಎಂಬ ಅಂಗಡಿ ತೆರೆದಿದ್ದರು. ಕ್ಯಾಟಲಾಗು ಅಂಥದ್ದೇ, ನೆಕ್ಕುವ ಕೆಲಸ ಮಾತ್ರ ಇಲ್ಲ. ನಾವು 1977ರ ಕೊನೆಗೆ ಗದಗಿಗೆ ಮರಳಿದೆವು.

ನಿಮ್ಮ ಮನೆಯ ದುಡ್ಡು ನಿಮ್ಮ ಮನೆಯಲ್ಲೇ ಉಳಿಯುವುದಾದರೆ, ಲೆಕ್ಕ ಬರೆದಿಡುವ ಅಭ್ಯಾಸ ಇದ್ದರೆ, ಕೋ-ಆಪ್ ಮೇಲು. ವಾರಕ್ಕೆ ಎಂಟು ಪೌಂಡಿನ ಸಂತೆ, ತಿಂಗಳಿಗೊಂದು ಲಕೋಟೆ ಊರಿಗೆ, ಇಂಥ ಮನೆಯವರಾದರೆ ಹಸಿರು. ನಾಲಿಗೆ ನಾಜೂಕಿನವರು ಸ್ಪಂಜು ಹಿಂಡಿಕೊಳ್ಳುವುದನ್ನು ಮೊದಲು ಕಲಿಯಿರಿ, ಗಂಜಿಯ ಹತ್ತಿರ ಹೋಗಬೇಡಿ.

ತೂಕದ ಯಂತ್ರ ಈಗ ಎರಡು ಪೌಂಡು ಹೆಚ್ಚು ತೋರಿಸುತ್ತದೆ. ಅದರ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟು, ಎರಡು ಪೌಂಡು ಕಳೆದು, ಕಿಲೋ ಮಾಡಿ, ಸಿಲಿಂಡರಿನ ಮೇಲೆ ಬರೆದ ಖಾಲಿ ತೂಕ ಕಳೆದು, 14.2 ಕಿಲೋದಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತೇನೆ. ಮೊನ್ನೆ ತಮ್ಮ ಗದಗಿಗೆ ಬಂದಾಗ ಅದರ ಮೇಲೆ ಹತ್ತಿ ನಿಂತು, ಎರಡು ಪೌಂಡು ಕಳೆಯುವುದನ್ನು ಮಾತ್ರ ಮರೆಯದೆ, "ಇದನ್ನ ನಾ ಬೆಂಗಳೂರಿಗೆ ಒಯ್ಯಲೇನು ಅಕ್ಕಾ?" ಎಂದ. ಕೊಡಲಿಲ್ಲ.