ಸೋವಿಯತ್ ಫಿರಂಗಿ ಪನೋರಮಾ ಪಿಜಿ-1ಎಂ: ವರ್ಷಗಟ್ಟಲೆ ಬಳಸಿದ ಮೇಲೆ

ಪನೋರಮಾ ಎಂದರೆ ಗುರಿಯ ಕೋನ ಹಿಡಿಯಲು ಫಿರಂಗಿಗೆ ಕೂರಿಸುವ ದುರ್ಬೀನು. ಹಕ್ಕಿ ನೋಡಲು ಇದನ್ನು ಕೊಳ್ಳುವವರಿದ್ದರೆ ಬೇಡ, ಬೈನಾಕ್ಯುಲರ್ ತೆಗೆದುಕೊಳ್ಳಿ. ಇದು ತೋರಿಸುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು, ನೋಟದ ಅಗಲ ಸುಮಾರು 10 ಡಿಗ್ರಿ. ಇದರ ಮಜಾ ಇರುವುದು ತಿರುಗಿಸುವುದರಲ್ಲಿ.

ಮೂಲ ವಿನ್ಯಾಸ ಬರ್ಲಿನ್‌ನ ಗೋರ್ಟ್ಸ್ ಕಂಪನಿಯದು. ರಷ್ಯನ್ನರು ಅದನ್ನೇ ತಿದ್ದಿಕೊಳ್ಳುತ್ತ ಡಿ-30 ಹೊವಿಟ್ಜರ್ ಫಿರಂಗಿಯವರೆಗೂ ಎಳೆದು ತಂದರು. ಫಿರಂಗಿಯವನಿಗೆ ಗುರಿ ಬಹಳ ಸಲ ಕಾಣುವುದೇ ಇಲ್ಲ, ಅದು ಗುಡ್ಡದಾಚೆ. ಹಿಂದೆಯೋ ಪಕ್ಕದಲ್ಲೋ ಇರುವ ಗೋಪುರವೊಂದನ್ನು ಹಿಡಿದು ಅದರಿಂದ ಕೋನ ಅಳೆಯಬೇಕು. ಹಾಗಾಗಿ ಪನೋರಮಾದ ತಲೆ ಸುತ್ತಲೂ ತಿರುಗುತ್ತದೆ, ಕಣ್ಣಿಡುವ ಐಪೀಸ್ ಇದ್ದಲ್ಲೇ ಇರುತ್ತದೆ. ಮೇಲಿನ ಪ್ರಿಸಂ ಒಂದೇ ತಿರುಗಿದ್ದರೆ ಚಿತ್ರ ವಾಲುತ್ತ ಹೋಗಿ, ಹಿಂದಕ್ಕೆ ನೋಡುವಾಗ ತಲೆಕೆಳಗಾಗುತ್ತಿತ್ತು. ಅದಕ್ಕೇ ಕೊಳವೆಯೊಳಗೆ ಒಂದು ಡವ್ ಪ್ರಿಸಂ, ತಾನು ತಿರುಗಿದ್ದರ ಎರಡರಷ್ಟು ಚಿತ್ರವನ್ನು ತಿರುಗಿಸುವ ಗಾಜು: ತಲೆ ಒಂದು ಸುತ್ತು ಬಂದರೆ ಇದಕ್ಕೆ ಅರ್ಧ ಸುತ್ತು. ಹಲ್ಲುಚಕ್ರಗಳಲ್ಲೇ ಮುಗಿದ ಈ ಲೆಕ್ಕ ನನಗೆ ಇನ್ನೂ ಹಳತಾಗಿಲ್ಲ.

ಪೂರ್ತಿ ಸುತ್ತಿಗೆ 6000 ಭಾಗ. ತಲೆಯ ಸುತ್ತಲಿನ ಉಂಗುರದಲ್ಲಿ 60, ಅದನ್ನು ತಿರುಗಿಸುವ ಅಂಕಿಯ ಡ್ರಮ್ಮಿನಲ್ಲಿ 100; ಡ್ರಮ್ ಒಂದು ಸುತ್ತು ಬಂದರೆ ಉಂಗುರ ಒಂದು ಗೀಟು. ಡ್ರಮ್ ಒಂದು ಗೀಟು ಸರಿದರೆ ಒಂದು ಕಿಲೋಮೀಟರ್ ದೂರದಲ್ಲಿ ನೋಟ ಅಡ್ಡಕ್ಕೆ ಮೀಟರ್‌ಗಿಂತ ತುಸು ಹೆಚ್ಚು ಸರಿದಂತೆ. (ನೇಟೋ ದೇಶಗಳ ಫಿರಂಗಿ ದುರ್ಬೀನುಗಳಲ್ಲಿ 6400. ಎರಡನ್ನೂ ಇಟ್ಟುಕೊಂಡವರಿಗೆ ತಲೆ ಕೆಡುವುದು ಖಂಡಿತ.)

ಕೊಳ್ಳುವ ಮುನ್ನ ದೂರದ ಕಂಬವೊಂದಕ್ಕೆ ಎಡದಿಂದ ತಿರುಗಿಸಿ ಅಂಕಿ ಓದಿ, ಬಲದಿಂದ ಬಂದು ಮತ್ತೆ ಓದಿ. ವ್ಯತ್ಯಾಸ ಬಂದರೆ ಅದು ಸವೆದ ಹಲ್ಲಿನ ಸಡಿಲ. ಸ್ವಲ್ಪ ಇದ್ದೇ ಇರುತ್ತದೆ. ಅದಕ್ಕೇ ಸೈನಿಕರೂ ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸುತ್ತಿದ್ದರು. ಡ್ರಮ್ ಬಿಗಿಯಾಗಿದ್ದರೆ ಬಹುಶಃ ಗ್ರೀಸ್ ಗಟ್ಟಿಯಾಗಿರುತ್ತದೆ, ಜಗ್ಗಬೇಡಿ. ಒಳಗಿನ ಮಂಜಿಗಿಂತ ಫಂಗಸ್ ಕೆಟ್ಟದ್ದು, ಗಾಜಿನ ಲೇಪನವನ್ನೇ ತಿಂದುಬಿಡುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬದಲ್ಲಿಟ್ಟಿರುವುದರಿಂದ ನನ್ನದು ಈವರೆಗೆ ಶುಭ್ರ. ಟ್ರೈಪಾಡಿಗೆ ಕೂರಿಸಲು ಸ್ಕ್ರೂ ತೂತಿಲ್ಲ, ಬಡಗಿಯಿಂದ ಮರದ ಹಿಡಿಕೆ ಮಾಡಿಸಬೇಕಾಯಿತು.

ಇದನ್ನು ನೋಡಿ ಎರಡನೇ ಮಹಾಯುದ್ಧದ ಗುರಿ ದುರ್ಬೀನುಗಳಿಗೆ ಕೈಹಾಕುವವರು ಕತ್ತಲಲ್ಲಿ ಹೊಳೆಯುವ ಬಣ್ಣದ ಬಗ್ಗೆ ಎಚ್ಚರವಾಗಿರಿ. ಹಲವದರಲ್ಲಿ ರೇಡಿಯಂ ಇದೆ. ಹೊಳಪು ಸತ್ತರೂ ವಿಕಿರಣ ಸತ್ತಿರುವುದಿಲ್ಲ, ಅದು ಅರ್ಧಕ್ಕಿಳಿಯಲೇ ಸುಮಾರು 1600 ವರ್ಷ ಬೇಕು. ಅಂಥದ್ದನ್ನು ಬಿಚ್ಚಬೇಡಿ, ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.